ಐಕಳದ ಮಂಜೊಟ್ಟಿಯ ಬದಿಯಲ್ಲಿ ಒಂದು ರಾತ್ರಿ

ಕಂಬಳ ನೋಡಲು ಮೊದಲ ಸಲ ಹೊರಡುವವರು ಯಾವ ಹೊತ್ತಿಗೆ ಹೋದರೆ ಒಳ್ಳೆಯದು ಎಂದು ಕೇಳುತ್ತಾರೆ. ನ್ಯಾಯಾಲಯದ ತಡೆಯಿದ್ದ ದಿನಗಳನ್ನು ಬಿಟ್ಟರೆ, ಹದಿನೈದು ವರ್ಷಗಳಿಂದ ಚಳಿಗಾಲದ ಶನಿವಾರಗಳನ್ನು ಸಾಧ್ಯವಾದಷ್ಟೂ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಬದಿಯಲ್ಲಿಯೇ ಕಳೆದಿರುವ ನಾನು ಅವರಿಗೆ ಹೇಳುವುದು ಇಷ್ಟೇ: ರಾತ್ರಿ ಊಟ ಮುಗಿಸಿ ಹೋಗಿ, ಬೆಳಕು ಹರಿಯುವವರೆಗೆ ನಿಲ್ಲಿ, ಒಂದೇ ಕಂಬಳಕ್ಕೆ ಹೋಗಲು ಸಾಧ್ಯವಿದ್ದರೆ ಐಕಳಕ್ಕೆ ಹೋಗಿ.

ಐಕಳ ಇರುವುದು ಕಿನ್ನಿಗೋಳಿಯ ಹತ್ತಿರ, ಮಂಗಳೂರಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಮೂಲ್ಕಿಯ ಮೇಲೆಯೂ ಹೋಗಬಹುದು, ಕಟೀಲಿನ ಮೇಲೆಯೂ ಹೋಗಬಹುದು. ಇಲ್ಲಿಯದು ಜೋಡುಕರೆ ಕಂಬಳ, ಅಂದರೆ ಅಕ್ಕಪಕ್ಕದಲ್ಲಿ ಎರಡು ಕರೆಗಳು. ಮೂಲ್ಕಿ ಸೀಮೆಯ ಅವಳಿ ವೀರರಾದ ಕಾಂತಾಬಾರೆ ಮತ್ತು ಬೂದಾಬಾರೆಯರ ಹೆಸರು ಅವಕ್ಕಿದೆ. ಮಿಯಾರಿನಲ್ಲಿ ಲವ-ಕುಶ, ಪುತ್ತೂರಿನಲ್ಲಿ ಕೋಟಿ-ಚೆನ್ನಯ, ಕಟಪಾಡಿಯಲ್ಲಿ ಮೂಡು-ಪಡು ಇರುವಂತೆ. ಹೆಸರು ಬರೀ ಅಲಂಕಾರಕ್ಕಲ್ಲ. ಯಾವ ಜೋಡಿ ಯಾವ ಕರೆಯಲ್ಲಿ ಓಡುತ್ತದೆ ಎಂಬುದನ್ನು ಧ್ವನಿವರ್ಧಕದಲ್ಲಿ ಆ ಹೆಸರಿನಿಂದಲೇ ಕರೆಯುವುದರಿಂದ, ಅರ್ಧ ಗಂಟೆ ನಿಂತವರಿಗೆ ತಮ್ಮ ಕಡೆಯ ಕರೆ ಯಾವುದೆಂದು ಬಾಯಿಪಾಠವಾಗಿರುತ್ತದೆ.

ಎಲ್ಲಿ ನಿಲ್ಲಬೇಕು ಎಂಬುದು ಹೊತ್ತಿಗಿಂತಲೂ ಮುಖ್ಯವಾದ ಪ್ರಶ್ನೆ. ಓಟ ಶುರುವಾಗುವ ಗಂತಿನಲ್ಲಿ ನಿಂತರೆ ಕೋಣಗಳನ್ನು ಸರಿಯಾಗಿ ಹೊಂದಿಸಿ ನಿಲ್ಲಿಸುವ ಪಾಡು ಕಾಣುತ್ತದೆ. ಅದಕ್ಕೆ ಕೆಲವೊಮ್ಮೆ ತುಂಬ ಹೊತ್ತು ಹಿಡಿಯುತ್ತದೆ, ಕೆಲವರಿಗೆ ಬೇಸರವೂ ಬರುತ್ತದೆ. ನಡುವಿನಲ್ಲಿ ನಿಂತರೆ ವೇಗ ಕಾಣುತ್ತದೆ, ಆದರೆ ಮೂರು ನಾಲ್ಕು ಸೆಕೆಂಡು ಮಾತ್ರ. ಓಟ ಮುಗಿದು ಕೋಣಗಳು ಏರಿ ಬರುವ ಇಳಿಜಾರಿಗೆ ಮಂಜೊಟ್ಟಿ ಎನ್ನುತ್ತಾರೆ, ನನ್ನ ಜಾಗ ಅದರ ಬದಿ. ಅಲ್ಲಿ ನಿಂತವರಿಗೆ ಜೋಡಿಗಳು ದೂರದಲ್ಲಿ ಬರೀ ನೀರಿನ ಬಿಳಿ ಗೋಡೆಯಾಗಿ ಕಂಡು, ಆ ಗೋಡೆಯೊಳಗಿನಿಂದ ಕೊಂಬುಗಳು, ಮೂಗುಗಳು, ಕೊನೆಗೆ ಹಗ್ಗಕ್ಕೆ ಜೋತುಬಿದ್ದಂತೆ ಓಡುವ ಮನುಷ್ಯ ಒಂದೊಂದಾಗಿ ಹೊರಗೆ ಬರುವುದು ಕಾಣುತ್ತದೆ. ನನಗೆ ಈ ಜಾಗ ತೋರಿಸಿಕೊಟ್ಟವರು ಸೋದರಮಾವ. "ಮೋರೆ ನೋಡುವುದಲ್ಲ ಮಗಾ, ಕಾಲು ನೋಡು," ಎಂದು ಮೊದಲ ವರ್ಷವೇ ಹೇಳಿದ್ದರು. ಎರಡು ಕೋಣಗಳ ಮುಂಗಾಲು ಒಟ್ಟಿಗೆ ಬೀಳುತ್ತಿದ್ದರೆ ಆ ಜೋಡಿ ಕೊನೆಯವರೆಗೆ ನೆಟ್ಟಗೆ ಬರುತ್ತದೆ, ಒಂದರ ಕಾಲು ತಡವಾದರೆ ಜೋಡಿ ಅಂಚಿಗೆ ಎಳೆಯುತ್ತದೆ ಎಂಬುದು ಅವರ ಲೆಕ್ಕ, ಮತ್ತು ನಾನು ನೋಡಿದಷ್ಟರಲ್ಲಿ ಅದು ಹೆಚ್ಚಾಗಿ ಸರಿಯೇ ಆಗಿದೆ.

ಹೊರಗಿನವರು ಐಕಳದ ಹೆಸರು ಕೇಳಿದ್ದು 2020ರ ಫೆಬ್ರವರಿಯಲ್ಲಿ. ಅಶ್ವತ್ಥಪುರದ ಶ್ರೀನಿವಾಸ ಗೌಡರು ಇಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಅವರ 9.58ರ ಪಕ್ಕದಲ್ಲಿಟ್ಟರು. ಆ ಹೋಲಿಕೆ ನನಗೆ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸುವುದಿಲ್ಲ. ಕಂಬಳದ ಓಟಗಾರನನ್ನು ಕೋಣಗಳು ಎಳೆಯುತ್ತವೆ, ನಿಜ. ಆದರೆ ಆತ ಬರಿಗಾಲಿನಲ್ಲಿ, ಕೆಸರುನೀರಿನಲ್ಲಿ, ಕಣ್ಣಿಗೆ ಎರಚುವ ನೀರಿನ ನಡುವೆ ಅವುಗಳನ್ನು ನೆಟ್ಟಗೆ ಓಡಿಸುತ್ತಲೂ ಇರಬೇಕು. ಅದು ಬೇರೆಯೇ ವಿದ್ಯೆ. ಒಂದೊಂದು ಊರಿನ ಕರೆಯ ಉದ್ದವೂ ಬೇರೆ ಬೇರೆ ಆಗಿರುವಾಗ, ಕಂಬಳ ಕಂಬಳಗಳ ನಡುವೆಯೇ ಸೆಕೆಂಡುಗಳನ್ನು ಹೋಲಿಸುವುದು ಕಷ್ಟ.

ಕೋಣಗಳಿಗೆ ನೇಗಿಲಿನಂಥ ಮರದ ಸಲಕರಣೆ ಕಟ್ಟಿ ಓಡಿಸುವ ನೇಗಿಲು ಮತ್ತು ಬರೀ ಹಗ್ಗ ಹಿಡಿದು ಓಡಿಸುವ ಹಗ್ಗದ ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂದು ಇರುತ್ತದೆ, ಜೊತೆಗೆ ಓಟಗಾರ ಹಲಗೆಯ ಮೇಲೆ ನಿಂತು ಬರುವ ಅಡ್ಡ ಹಲಗೆ ಇದೆ. ಹೊಸಬರು ತಪ್ಪಿಸಿಕೊಳ್ಳಬಾರದ್ದು ಮಾತ್ರ ಕನೆ ಹಲಗೆ. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕಕ್ಕಿಲ್ಲ. ತೂತುಗಳಿರುವ ದಪ್ಪ ಮರದ ತುಂಡಿನ ಮೇಲೆ ಒಂದು ಕಾಲೂರಿ ನಿಂತು ಓಟಗಾರ ಬರುವಾಗ, ಆ ತೂತುಗಳಿಂದ ನೀರು ಕಾರಂಜಿಯಂತೆ ಮೇಲೇಳುತ್ತದೆ. ಕರೆಯ ಮೇಲೆ ಅಡ್ಡಕ್ಕೆ ಕಟ್ಟಿದ ನಿಶಾನೆಯ ಬಟ್ಟೆ ಒದ್ದೆಯಾಯಿತೋ ಇಲ್ಲವೋ ಎಂಬುದೇ ತೀರ್ಪು. ನಿಶಾನೆಯ ಎತ್ತರವನ್ನು ಕೋಲಿನಲ್ಲಿ ಅಳೆಯುತ್ತಾರೆ. 6.5 ಕೋಲಿನ ನಿಶಾನೆಗೆ ನೀರು ಮುಟ್ಟಿದಾಗ ಚಪ್ಪಾಳೆ ಬೀಳುತ್ತದೆ. 7.5 ಕೋಲಿಗೆ ಮುಟ್ಟಿದಾಗ ಮೊದಲು ಒಂದು ಕ್ಷಣ ಇಡೀ ಗದ್ದೆ ಸುಮ್ಮನಾಗುತ್ತದೆ, ಎಲ್ಲರ ತಲೆಯೂ ಮೇಲಕ್ಕೆ ಇರುತ್ತದೆ, ದೀಪದ ಬೆಳಕಿನಲ್ಲಿ ಬಟ್ಟೆಯ ಅಂಚಿನಿಂದ ಹನಿ ಬೀಳುವುದು ಕಂಡ ಮೇಲೆಯೇ ಬೊಬ್ಬೆ ಏಳುತ್ತದೆ. ಈ ದೃಶ್ಯಕ್ಕೆ ರಾತ್ರಿಯ ದೀಪವೇ ಬೇಕು. ಹಗಲಿನಲ್ಲಿ ಅದೇ ನೀರು ಆಕಾಶದಲ್ಲಿ ಕಳೆದುಹೋಗುತ್ತದೆ.

ಟಿಕೆಟ್ ಇಲ್ಲ. ಓಟದ ಕೊನೆಯಲ್ಲಿ ಈಗ ಲೇಸರ್ ಕಿರಣದ ವ್ಯವಸ್ಥೆ ಇರುವುದರಿಂದ ಹಿಂದಿನಂತೆ ಸೋಲು ಗೆಲುವಿನ ವಾದಗಳು ಗಂಟೆಗಟ್ಟಲೆ ಎಳೆಯುವುದು ಕಡಿಮೆಯಾಗಿದೆ, ಇದು ನೋಡುಗರಿಗೆ ಆಗಿರುವ ದೊಡ್ಡ ಉಪಕಾರ. ತುಳುವಿನ ವೀಕ್ಷಕ ವಿವರಣೆ ಅರ್ಥವಾಗದವರು ಪಕ್ಕದಲ್ಲಿ ನಿಂತವರನ್ನು ಕೇಳಿದರೆ ಸಾಕು, ಕೋಣದ ಯಜಮಾನರ ಮನೆಯ ಹೆಸರಿನಿಂದ ಹಿಡಿದು ಹೋದ ವರ್ಷದ ಫೈನಲಿನವರೆಗೆ ಎಲ್ಲವನ್ನೂ ಹೇಳುತ್ತಾರೆ. ಚರುಮುರಿ, ಗೋಳಿಬಜೆ, ಕಬ್ಬಿನ ಹಾಲು ಎಲ್ಲವೂ ಸಿಗುತ್ತವೆ, ಆದರೆ ಮಧ್ಯರಾತ್ರಿಯ ನಂತರ ಚಹಾ ಒಂದೇ ಉಪಯೋಗಕ್ಕೆ ಬರುವುದು.

ಕೊರತೆಯನ್ನೂ ಹೇಳಬೇಕು. ಐಕಳವಲ್ಲದ ಬೇರೊಂದು ಕಂಬಳದಲ್ಲಿ, ಅದರ ಹೆಸರು ಬೇಡ, ಹೆಂಗಸರಿಗೆ ಶೌಚಾಲಯವೇ ಇಲ್ಲದೆ ನಾನು ರಾತ್ರಿ ಹನ್ನೊಂದಕ್ಕೇ ಮನೆಗೆ ಮರಳಬೇಕಾಯಿತು, ನೇಗಿಲು ಹಿರಿಯದ ಸೆಮಿಫೈನಲ್ ಇನ್ನೂ ಬಾಕಿಯಿತ್ತು. ರಾತ್ರಿಯಿಡೀ ನಡೆಯುವ ಆಟಕ್ಕೆ ಹೆಂಗಸರೂ ಮಕ್ಕಳೂ ಬರಬೇಕೆಂದು ಕರೆಯುವವರು ಚಪ್ಪರಕ್ಕೆ ಮೊದಲು ಇದನ್ನು ಯೋಚಿಸಬೇಕು. ಇನ್ನೊಂದು, ಕೋಣಗಳಿಗೆ ಬೆತ್ತದಿಂದ ಹೊಡೆಯುವ ವಿಷಯ. ಕಂಬಳಕ್ಕೂ ತಡೆಯಾದ ಸುಪ್ರೀಂ ಕೋರ್ಟಿನ 2014ರ ತೀರ್ಪು, ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ 2017ರ ಕಾನೂನು ತಿದ್ದುಪಡಿ, ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು, ಇಷ್ಟೆಲ್ಲ ದಾಟಿ ಉಳಿದ ಆಟ ಇದು. ಮಂಜೊಟ್ಟಿಯಲ್ಲಿ ನಿಂತವರಿಗೆ ಕೋಣದ ಬೆನ್ನು ಎರಡು ಮಾರು ದೂರದಲ್ಲಿ ಕಾಣುತ್ತದೆ, ಏನನ್ನೂ ಮುಚ್ಚಿಡಲು ಆಗುವುದಿಲ್ಲ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮನೆಯ ಮಕ್ಕಳಂತೆ ಸಾಕಿದ ಕೋಣಕ್ಕೆ ಬೆತ್ತ ಎತ್ತದೆಯೇ ಓಡಿಸಿದ ಜೋಡಿಗಳನ್ನು ನಾನು ನೋಡಿದ್ದೇನೆ, ಅವು ಗೆದ್ದದ್ದನ್ನೂ ನೋಡಿದ್ದೇನೆ.

ಮಂಜೊಟ್ಟಿಯಲ್ಲಿ ನಿಲ್ಲುವವರು ಮಕ್ಕಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಕು, ಕೋಣ ಯಾವ ಬದಿಗೆ ತಿರುಗುತ್ತದೆ ಎಂದು ಯಾರೂ ಹೇಳಲಾರರು. ಬಿಳಿ ಬಟ್ಟೆ ಬೇಡ. ಕಳೆದ ಸಲ ಆದಿತ್ಯವಾರ ಬೆಳಿಗ್ಗೆ ನಾನು ಕಿನ್ನಿಗೋಳಿಯಲ್ಲಿ ಬಸ್ಸು ಹತ್ತಿದಾಗ, ಕಂಡಕ್ಟರ್ ನನ್ನ ಚೂಡಿದಾರದ ಮೇಲಿನ ಕೆಸರನ್ನು ನೋಡಿ, "ನೇಗಿಲು ಹಿರಿಯ ಯಾರಿಗಾಯಿತು ಅಕ್ಕಾ?" ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡ ಮೇಲೆಯೇ ಟಿಕೆಟ್ ಹರಿದ.