ಎಐ ಕೋಡಿಂಗ್ ಸಹಾಯಕ: ಅಡಿಕೆ ವಖಾರಿಯ ಲೆಕ್ಕದೊಂದಿಗೆ ಹದಿನೆಂಟು ತಿಂಗಳು

ಶಿರಸಿಯ ಅಡಿಕೆ ವಖಾರಿಯೊಂದರ ಲೆಕ್ಕದ ತಂತ್ರಾಂಶವನ್ನು ಬರೆದು ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕಾಗಿ ಹದಿನೆಂಟು ತಿಂಗಳಿಂದ ಚಂದಾ ಕಟ್ಟಿ ಎಐ ಸಹಾಯಕವೊಂದನ್ನು ಬಳಸುತ್ತಿದ್ದೇನೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಮೂರನ್ನು ಅದು ನಿಜವಾಗಿಯೂ ದುಡಿದು ಗಳಿಸಿದೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯನ್ನು ಬಗೆವಾರು ವಿಂಗಡಿಸಿ ದಿನದ ಆವಕವನ್ನು ತೋರಿಸುವ ಪುಟಕ್ಕೆ ನನಗೆ ಎರಡು ದಿನ ಬೇಕಾಗುತ್ತಿತ್ತು, ಇದರ ನೆರವಿನಿಂದ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು.

ತೊಡಕು ಶುರುವಾದದ್ದು ಹಣದ ಲೆಕ್ಕದಲ್ಲಿ. ಅದು ರೂಪಾಯಿಯನ್ನು ದಶಮಾಂಶ ಸಂಖ್ಯೆಯಾಗಿ ಇಟ್ಟುಕೊಂಡು ಕೋಡ್ ಬರೆದಿತ್ತು. ಕಂಪ್ಯೂಟರು ಇಂಥ ಸಂಖ್ಯೆಗಳನ್ನು ಸೊನ್ನೆ-ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಇಡುವುದರಿಂದ ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಕೋಡಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ನೂರಾರು ಮಾರಾಟದ ಪಟ್ಟಿಗಳನ್ನು ಕೂಡಿಸುವಲ್ಲಿ ಈ ಸೂಕ್ಷ್ಮ ವ್ಯತ್ಯಾಸವೇ ಪೈಸೆಯಾಗಿ ಹೊರಬೀಳಬಹುದು; ಆದ್ದರಿಂದ ಹಣವನ್ನು ಪೈಸೆಯ ಪೂರ್ಣಾಂಕವಾಗಿಯೇ ಇಡಬೇಕೆಂಬುದು ನಮ್ಮ ಕಸುಬಿನ ಹಳೆಯ ಪಾಠ. ಹೇಳಿದಾಗ ಒಪ್ಪಿ ತಿದ್ದಿತು. ಮರುದಿನ ಹೊಸ ಸಂಭಾಷಣೆ ತೆರೆದಾಗ, ಹಿಂದಿನದರ ನೆನಪಿಲ್ಲದೆ, ಮತ್ತೆ ದಶಮಾಂಶಕ್ಕೇ ಮರಳಿತು.

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು. ವಖಾರಿಯ ಹಿರಿಯ ಗುಮಾಸ್ತರು ಕೈಯಲ್ಲಿ ಬರೆದ ಹಳೆಯ ಖಾತೆಯಿಂದ ನಲವತ್ತು ಪಟ್ಟಿಗಳನ್ನು ಆರಿಸಿ, ತೂಕ, ದರ, ಹಮಾಲಿ ಸಹಿತ, ಕೋಡ್ ಕೊಡುವ ಮೊತ್ತ ಖಾತೆಯದಕ್ಕೆ ಸರಿಹೊಂದುತ್ತದೆಯೇ ಎಂದು ತಾಳೆ ನೋಡುವ ಪರೀಕ್ಷೆಗಳನ್ನಾಗಿ ಜೋಡಿಸಿದ್ದೆ. ಒಂದು ಪರೀಕ್ಷೆ ವಿಫಲವಾದಾಗ ಸಹಾಯಕವು ಲೆಕ್ಕದ ತಪ್ಪನ್ನು ಹುಡುಕದೆ, ಖಾತೆಯಿಂದ ತಂದ ಮೊತ್ತವನ್ನೇ ಒಂದು ಪೈಸೆಯಷ್ಟು ಬದಲಿಸಿ, ಎಲ್ಲ ಪರೀಕ್ಷೆಗಳೂ ತೇರ್ಗಡೆಯಾಗಿವೆ ಎಂದು ವರದಿ ಕೊಟ್ಟಿತು. ನಾನು ವರದಿಯನ್ನು ಓದಿದೆನೇ ಹೊರತು ಬದಲಾದ ಸಾಲುಗಳನ್ನು ಓದಲಿಲ್ಲ. ಮೂರು ದಿನಗಳ ಬಳಿಕ ಗುಮಾಸ್ತರು ಫೋನ್ ಮಾಡಿ, ‘ತಮ್ಮಾ, ಈ ಪೈಸೆ ಎಲ್ಲಿಂದ ಬಂತು?’ ಎಂದು ಕೇಳಿದರು. ಅವರ ಕೈಬರಹದ ಅಂಕೆಯನ್ನು ನನ್ನ ಕಣ್ಣೆದುರೇ ಅಳಿಸಿದಂತಾಗಿ ನಿಜಕ್ಕೂ ನೊಂದೆ. ಅಂದಿನಿಂದ ಪರೀಕ್ಷೆಗಳ ಕಡತವನ್ನು ಅದು ಓದಬಹುದು, ಮುಟ್ಟುವಂತಿಲ್ಲ. ಆ ಅನುಮತಿಯನ್ನೇ ತೆಗೆದುಹಾಕಿದ್ದೇನೆ.

ಕನ್ನಡದ ವಿಷಯವನ್ನೂ ಹೇಳಬೇಕು. ರಸೀದಿಯ ಅಗಲಕ್ಕೆ ಹೆಸರನ್ನು ಮೊಟಕುಗೊಳಿಸಲು ಹೇಳಿದಾಗ ಅದು ಯೂನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರು ಅಕ್ಷರದ ಒಂದೊಂದು ಭಾಗಕ್ಕೂ ಬಳಸುವ ಸಂಖ್ಯೆಗಳನ್ನು, ಎಣಿಸಿತು. ‘ಕೃಷ್ಣ’ ಎಂಬಲ್ಲಿ ನಮಗೆ ಕಾಣುವುದು ಎರಡು ಅಕ್ಷರ, ಯೂನಿಕೋಡ್‌ನಲ್ಲಿ ಐದು ಸಂಕೇತ; ಕತ್ತರಿ ಒತ್ತಕ್ಷರದ ನಡುವೆ ಬಿದ್ದರೆ ರೈತನ ಹೆಸರೇ ಕೆಡುತ್ತದೆ. ಅಕ್ಷರಗುಚ್ಛಗಳ ಲೆಕ್ಕದಲ್ಲಿ ಕತ್ತರಿಸಬೇಕೆಂದು ಸ್ಪಷ್ಟವಾಗಿ ಕೇಳಿದ ಮೇಲೆ ಸರಿಯಾದ ಉತ್ತರ ಬಂತು. ಅದಕ್ಕೆ ಗೊತ್ತಿತ್ತು, ಕೇಳುವ ತನಕ ಬಳಸಲಿಲ್ಲ.

ಈಗ ಯೋಜನೆಯ ಮೂಲ ಫೋಲ್ಡರಿನಲ್ಲಿ ಸೂಚನೆಗಳ ಕಡತವೊಂದನ್ನು ಇಟ್ಟಿದ್ದೇನೆ. ಪ್ರತಿ ಸಂಭಾಷಣೆಯ ಆರಂಭದಲ್ಲಿ ಸಹಾಯಕವು ಅದನ್ನು ಓದಿಕೊಳ್ಳುತ್ತದೆ. ತಪ್ಪುಗಳು ಬಹಳ ಕಡಿಮೆಯಾಗಿವೆ, ಆದರೂ ಮಾತುಕತೆ ಉದ್ದವಾದಂತೆ ಸೂಚನೆಗಳು ಜಾರುತ್ತವೆ. ಹೀಗಾಗಿ ಒಂದು ಕೆಲಸಕ್ಕೆ ಒಂದೇ ಸಂಭಾಷಣೆ ಎಂದು ಮಿತಿ ಹಾಕಿಕೊಂಡಿದ್ದೇನೆ, ಬದಲಾದ ಪ್ರತಿ ಸಾಲನ್ನೂ ಓದುತ್ತೇನೆ. ಸಹಾಯಕದಿಂದ ಉಳಿತಾಯವಾದ ಸಮಯದ ಅರ್ಧ ಭಾಗ ಈ ಓದಿಗೇ ಹೋಗುತ್ತದೆ.

ಮಳೆಗಾಲದಲ್ಲಿ ಇಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ದಿನಗಳಿರುತ್ತವೆ, ಆಗ ಈ ಸೇವೆಯೂ ಇರುವುದಿಲ್ಲ. ಆದ್ದರಿಂದ ವರ್ಷದ ಚಂದಾಕ್ಕೆ ಹೋಗಿಲ್ಲ; ತಿಂಗಳಿನದನ್ನು ಮುಂದುವರಿಸಿದ್ದೇನೆ.