ಕಿಲ್ಮೇನಮ್ ಸೆರೆಮನೆ: ಗೈಡ್ ಇಲ್ಲದೆ ತೆರೆಯದ ಬಾಗಿಲು

ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿಗೆ ಬಂದು ಆರು ವರ್ಷವಾದರೂ ಊರಿನಿಂದ ಬಂದವರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಎದ್ದಾಗ ಹೆಚ್ಚಾಗಿ ನಾನು ಟ್ರಿನಿಟಿ ಕಾಲೇಜಿನ ಹಳೆಯ ಗ್ರಂಥಾಲಯ, ಫೀನಿಕ್ಸ್ ಪಾರ್ಕಿನ ಜಿಂಕೆಗಳು ಮತ್ತು ಒಂದು ಸಮುದ್ರತೀರಕ್ಕೆ ಮುಗಿಸಿಬಿಡುತ್ತಿದ್ದೆ. ಕಳೆದ ಅಕ್ಟೋಬರಿನಲ್ಲಿ ಹಾಸನದಿಂದ ಅಪ್ಪ, ಅಮ್ಮ ಬಂದಾಗ ಅಪ್ಪನೇ ಕಿಲ್ಮೇನಮ್ ಸೆರೆಮನೆಯನ್ನು ನೋಡಬೇಕೆಂದರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಎಂಜಿನಿಯರಾಗಿದ್ದವರಿಗೆ ಹಳೆಯ ಸರ್ಕಾರಿ ಕಟ್ಟಡವೆಂದರೆ ಎಲ್ಲಿಲ್ಲದ ಆಸಕ್ತಿ. ಅಮ್ಮ ಮಾತ್ರ, ಇಷ್ಟು ದೂರ ಬಂದು ಜೈಲು ನೋಡುವುದೇ ಎಂದು ಒಮ್ಮೆ ಗೊಣಗಿ, ಶಾಲು ಹೊದ್ದುಕೊಂಡು ಹೊರಟರು.

ಮೊದಲು ಟಿಕೆಟ್ಟಿನ ವಿಚಾರವನ್ನು ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಈ ಸೆರೆಮನೆಯ ಒಳಭಾಗವನ್ನು ನೋಡಬೇಕಾದರೆ ಗೈಡ್ ಜೊತೆಗೇ ಹೋಗಬೇಕು. ನಮ್ಮಷ್ಟಕ್ಕೆ ನಾವು ಅಡ್ಡಾಡಲು ಬಿಡುವುದಿಲ್ಲ. ಹಾಗಾಗಿ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಬೇಸಿಗೆಯಲ್ಲಂತೂ ಟಿಕೆಟ್‌ಗಳು ಬಹಳ ಬೇಗ ಮುಗಿದುಹೋಗುತ್ತವೆ. ಕಟ್ಟಡವನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಅಧಿಕೃತ ಜಾಲತಾಣದಲ್ಲಿ 28 ದಿನ ಮುಂಚಿತವಾಗಿ ಟಿಕೆಟ್ ಸಿಗುತ್ತದೆ; ನಾವು ಹೋದಾಗ ವಯಸ್ಕರಿಗೆ 8 ಯೂರೋ ಇತ್ತು, ಹಿರಿಯರಿಗೆ ಅದಕ್ಕಿಂತ ಕಡಿಮೆ. ಎರಡು ವರ್ಷದ ಹಿಂದೆ ನನ್ನ ಸ್ನೇಹಿತರೊಬ್ಬರು ಬಂದಿದ್ದಾಗ ಅಲ್ಲಿ ಟಿಕೆಟ್ ಸಿಗದೆ, ಯಾವುದೋ ಖಾಸಗಿ ಜಾಲತಾಣದಲ್ಲಿ ಮೂರು ಪಟ್ಟು ಹಣ ತೆತ್ತು 'ಕಿಲ್ಮೇನಮ್ ಪ್ರವಾಸ' ಎಂಬುದನ್ನು ಕೊಂಡಿದ್ದೆ. ಸ್ಥಳಕ್ಕೆ ಹೋದ ಮೇಲೆ ತಿಳಿದದ್ದೇನೆಂದರೆ, ಆ ಪ್ರವಾಸ ಸೆರೆಮನೆಯ ಹೊರಗೋಡೆಯವರೆಗೆ ಮಾತ್ರ. ಆ ದಿನ ಮಳೆಯಲ್ಲಿ ನಿಂತು ಗೋಡೆ ನೋಡಿದ ನಮ್ಮ ಮುಖಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಧಿಕೃತ ಜಾಲತಾಣವಲ್ಲದೆ ಬೇರೆಲ್ಲಿಯಾದರೂ ಕೊಳ್ಳುವುದಾದರೆ ಒಳಗಿನ ಪ್ರವೇಶ ಸೇರಿದೆಯೇ ಎಂದು ಎರಡು ಸಲ ಓದಿಕೊಳ್ಳಿ.

ಇಂಗ್ಲಿಷಿನಲ್ಲಿ ಇದರ ಹೆಸರು Kilmainham Gaol; ಕೊನೆಯ ಪದದ ಕಾಗುಣಿತ ನೋಡಿ 'ಗಾವೋಲ್' ಎಂದು ಓದುವವರುಂಟು, ಅದನ್ನು ಉಚ್ಚರಿಸುವುದು 'ಜೈಲ್' ಎಂದೇ. 1796ರಲ್ಲಿ ತೆರೆದ ಈ ಸೆರೆಮನೆ 1924ರವರೆಗೆ ಬಳಕೆಯಲ್ಲಿತ್ತು. ಪ್ರವಾಸಿಗರು ಈಗ ಪಕ್ಕದ ಹಳೆಯ ನ್ಯಾಯಾಲಯದ ಕಟ್ಟಡದ ಮೂಲಕ ಒಳಹೋಗುತ್ತಾರೆ, ಆದರೆ ಮೂಲ ಹೆಬ್ಬಾಗಿಲನ್ನು ಹೊರಗಿನಿಂದ ಒಮ್ಮೆ ನಿಂತು ನೋಡದೆ ಹೋಗಬೇಡಿ. ಬಾಗಿಲಿನ ಮೇಲೆ ಸರಪಣಿಯಲ್ಲಿ ಬಿಗಿದ, ಒಂದಕ್ಕೊಂದು ಹೆಣೆದುಕೊಂಡ ಹಾವುಗಳ ಕೆತ್ತನೆ ಇದೆ. ನಾಗರಕಲ್ಲಿಗೆ ಅರಿಸಿನ ಹಚ್ಚಿ ಬೆಳೆದ ಅಮ್ಮನಿಗೆ ಹಾವನ್ನು ಸರಪಣಿಯಲ್ಲಿ ಕಟ್ಟಿಹಾಕಿದ್ದು ಒಂದಿಷ್ಟೂ ಸರಿಬರಲಿಲ್ಲ. ಆರಂಭದ ಕಾಲದಲ್ಲಿ ಇದೇ ಬಾಗಿಲ ಮುಂದೆ, ಜನ ನೆರೆದಿರುವಾಗಲೇ ಅಪರಾಧಿಗಳನ್ನು ನೇಣಿಗೆ ಹಾಕುತ್ತಿದ್ದರು.

ಪ್ರವಾಸ ಶುರುವಾಗುವುದು ಸೆರೆಮನೆಯ ಪ್ರಾರ್ಥನಾ ಮಂದಿರದಲ್ಲಿ. ಮೂವತ್ತಕ್ಕೂ ಹೆಚ್ಚು ಜನರ ಗುಂಪನ್ನು ಮರದ ಬೆಂಚುಗಳ ಮೇಲೆ ಕೂರಿಸಿ ನಮ್ಮ ಗೈಡ್, ನಡುವಯಸ್ಸಿನ ಹೆಣ್ಣುಮಗಳು, ದನಿ ಏರಿಸದೆ ಮಾತು ಆರಂಭಿಸಿದರು. ನಾನು ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿರುವುದನ್ನು ಗಮನಿಸಿದ ಮೇಲೆ ಅವರು ಪ್ರತಿ ನಾಲ್ಕೈದು ವಾಕ್ಯಕ್ಕೊಮ್ಮೆ ಒಂದಷ್ಟು ಬಿಡುವು ಕೊಡತೊಡಗಿದರು. ಯಾರಿಗೂ ಅದು ಗೊತ್ತಾಗದ ಹಾಗೆ, ನೀರು ಕುಡಿಯುವ ನೆಪದಲ್ಲಿ. ಅವರು ಅಲ್ಲಿ ಹೇಳಿದ ಕಥೆ ಜೋಸೆಫ್ ಪ್ಲಂಕೆಟ್ ಮತ್ತು ಗ್ರೇಸ್ ಗಿಫರ್ಡ್ ಅವರದು. 1916ರ ಏಪ್ರಿಲ್ 24ರಂದು ಬ್ರಿಟಿಷರ ವಿರುದ್ಧ ಶುರುವಾದ ಈಸ್ಟರ್ ದಂಗೆ ಒಂದು ವಾರದೊಳಗೆ ಮಣ್ಣುಪಾಲಾಯಿತು. ಅದರ ನಾಯಕರಲ್ಲಿ ಒಬ್ಬನಾದ ಪ್ಲಂಕೆಟ್ ಮೇ 3ರ ರಾತ್ರಿ ಇದೇ ಮಂದಿರದಲ್ಲಿ ಗ್ರೇಸಳನ್ನು ಮದುವೆಯಾದ. ಸುತ್ತ ಸೈನಿಕರು, ಮೇಣದಬತ್ತಿಯ ಬೆಳಕು; ಉಂಗುರ ತೊಡಿಸುವಷ್ಟು ಹೊತ್ತು ಅವನ ಕೈಕೋಳ ಬಿಚ್ಚಿ ಮತ್ತೆ ಹಾಕಿದರು. ಆಮೇಲೆ ಇಬ್ಬರಿಗೂ ಸೆರೆಕೋಣೆಯಲ್ಲಿ ಹತ್ತು ನಿಮಿಷದ ಭೇಟಿ, ಅದೂ ಕಾವಲುಗಾರರ ಎದುರಿನಲ್ಲೇ. ಬೆಳಗಿನ ಜಾವ ಅವನನ್ನು ಗುಂಡಿಟ್ಟು ಕೊಂದರು. ಇಷ್ಟನ್ನು ಹೇಳಿ ಗೈಡ್ ಎದ್ದು ಬಾಗಿಲು ತೆರೆದರು. ಕಣ್ಣೀರು ತರಿಸುವ ಯಾವ ಪ್ರಯತ್ನವನ್ನೂ ಮಾಡಲಿಲ್ಲ. ಅಮ್ಮ ಮಾತ್ರ ಎದ್ದೇಳದೆ, 'ಆ ಹುಡುಗಿ ಮತ್ತೆ ಮದುವೆ ಆದಳೇನೋ?' ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಗೈಡನ್ನು ಕೇಳಿ ಹೇಳಿದೆ: ಇಲ್ಲ, 1955ರಲ್ಲಿ ತೀರಿಕೊಳ್ಳುವವರೆಗೂ ಆಗಲಿಲ್ಲ.

ಮಂದಿರದಿಂದ ಪಶ್ಚಿಮದ ಹಳೆಯ ಭಾಗಕ್ಕೆ ಕಾಲಿಟ್ಟ ಕೂಡಲೇ ಚಳಿ ಬದಲಾಗುತ್ತದೆ. ಕಿರಿದಾದ ಓಣಿ, ಸವೆದು ನಡುವೆ ತಗ್ಗಾದ ಮೆಟ್ಟಿಲು, ಕಬ್ಬಿಣದ ಪಟ್ಟಿ ಬಡಿದ ಗಿಡ್ಡ ಬಾಗಿಲುಗಳು. ಅಪ್ಪ ಗೋಡೆಗೆ ಅಂಗೈ ಒತ್ತಿ, 'ನೀರು ಕುಡಿದಿದೆ, ಇನ್ನೂರು ವರ್ಷದಿಂದ ಕುಡೀತಾನೇ ಇದೆ' ಎಂದರು. ಸೋಂಕು ಹರಡದಿರಲು ಗಾಳಿ ಆಡಬೇಕೆಂಬ ಅಂದಿನ ನಂಬಿಕೆಯಿಂದಾಗಿ ಕಿಟಕಿಗಳಿಗೆ ಗಾಜೇ ಇರಲಿಲ್ಲವಂತೆ. ಬೆಳಕಿಗೂ ಬಿಸಿಗೂ ಕೈದಿಗೆ ಒಂದೇ ಮೇಣದಬತ್ತಿ, ಅದು ಎರಡು ವಾರ ಬರಬೇಕು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಇಲ್ಲಿ ತುಂಬುತ್ತಿದ್ದರು. 1840ರ ದಶಕದ ಮಹಾಕ್ಷಾಮದಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ, ಜೈಲಿನಲ್ಲಾದರೂ ಒಂದು ತುತ್ತು ಸಿಗುತ್ತದೆಂದು ಬೇಕೆಂದೇ ಸಣ್ಣಪುಟ್ಟ ಕಳ್ಳತನ ಮಾಡಿ ಸಿಕ್ಕಿಬೀಳುತ್ತಿದ್ದವರಿದ್ದರು. ಈ ಭಾಗದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನನಗನ್ನಿಸಿತು. ನಾಯಕರಿಗೆ ಅವರ ಹೆಸರಿನ ಫಲಕ ಬಾಗಿಲ ಮೇಲಿದೆ; ಬ್ರೆಡ್ಡು ಕದ್ದವರ ಹೆಸರು ಎಲ್ಲಿಯೂ ಕಾಣುವುದಿಲ್ಲ, ಈ ಕಟ್ಟಡದಲ್ಲಿ ಹೆಚ್ಚು ಕಾಲ ಇದ್ದವರಾದರೂ ಅವರೇ.

ಪೂರ್ವದ ಭಾಗ ಬೇರೆಯೇ ಲೋಕ. 1860ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಈ ವಿಶಾಲ ಹಜಾರ ಕುದುರೆ ಲಾಳದ ಆಕಾರದಲ್ಲಿದ್ದು, ಮೂರು ಅಂತಸ್ತುಗಳಲ್ಲಿ 96 ಸೆರೆಕೋಣೆಗಳಿವೆ, ಮೇಲೆ ಉದ್ದಕ್ಕೂ ಗಾಜಿನ ಚಾವಣಿ. ನಡುವೆ ನಿಂತ ಒಬ್ಬನೇ ಕಾವಲುಗಾರ ಎಲ್ಲ ಬಾಗಿಲುಗಳ ಮೇಲೆ ಕಣ್ಣಿಡಬಹುದು; ಮೇಲಿನಿಂದ ಬೀಳುವ ಬೆಳಕು ಕೈದಿಯ ಮನಸ್ಸನ್ನು ದೇವರ ಕಡೆಗೆ ತಿರುಗಿಸುತ್ತದೆಂಬುದು ಕಟ್ಟಿಸಿದವರ ಲೆಕ್ಕಾಚಾರ. ಅಪ್ಪ ಕಬ್ಬಿಣದ ಮೆಟ್ಟಿಲನ್ನು ತಟ್ಟಿ, ಚಾವಣಿಯ ಕಮಾನುಗಳನ್ನು ಎಣಿಸಿ, ಹಳೆಯ ಭಾಗದಲ್ಲಿ ಒಮ್ಮೆಯೂ ಆಡದ ಮಾತನ್ನು ಇಲ್ಲಿ ಆಡಿದರು: ಚೆನ್ನಾಗಿ ಕಟ್ಟಿದ್ದಾರೆ. ಅಷ್ಟು ಹೇಳಿ ತಾವೇ ಮುಜುಗರಪಟ್ಟುಕೊಂಡರು. ಸೊಗಸಾಗಿ ಕಾಣುತ್ತದೆ ಎಂಬುದೇ ಈ ಹಜಾರದ ತೊಡಕು. ಎಲ್ಲರೂ ಕ್ಯಾಮೆರಾ ತೆಗೆಯುತ್ತಾರೆ, ಗುಂಪು ಚೆದರುತ್ತದೆ, ಗೈಡ್ ಮಾತು ಅರ್ಧಕ್ಕರ್ಧ ಗಾಳಿಗೆ ಹೋಗುತ್ತದೆ. ಆದರೆ ಅವರು ತೋರಿಸಿದ ಒಂದು ಬಾಗಿಲನ್ನು ತಪ್ಪಿಸಿಕೊಳ್ಳಬೇಡಿ. ಅದರ ಇಣುಕುಗಿಂಡಿಗೆ ಕಣ್ಣು ಹಚ್ಚಿದರೆ ಒಳಗಿನ ಗೋಡೆಯ ಮೇಲೆ ಮಗುವನ್ನು ಎತ್ತಿಕೊಂಡ ಮೇರಿಯ ಚಿತ್ರ ಕಾಣುತ್ತದೆ. ಅದನ್ನು ಬರೆದವಳು ಗ್ರೇಸ್ ಗಿಫರ್ಡ್. ವ್ಯಂಗ್ಯಚಿತ್ರ ಕಲಾವಿದೆಯಾಗಿದ್ದ ಆಕೆಯನ್ನು 1923ರಲ್ಲಿ ಇದೇ ಸೆರೆಮನೆಯಲ್ಲಿ ಕೂಡಿಹಾಕಿದ್ದರು. ಮಾಸಿಹೋಗಿದ್ದ ಚಿತ್ರಕ್ಕೆ 1960ರ ದಶಕದಲ್ಲಿ ಮತ್ತೆ ಬಣ್ಣ ಕೊಟ್ಟಿದ್ದಾರೆ. ಗಂಡನನ್ನು ಕಳೆದುಕೊಂಡ ಜಾಗದಲ್ಲೇ ಅವಳನ್ನೂ ಇಟ್ಟರೇ ಎಂದು ಅಮ್ಮ ಕೇಳಿದರು. ಇಟ್ಟವರು ಬ್ರಿಟಿಷರಲ್ಲ, ಸ್ವತಂತ್ರ ಐರ್ಲೆಂಡಿನ ಸರ್ಕಾರ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಕೊನೆಗೆ ಕಲ್ಲು ಒಡೆಯುವ ಅಂಗಳ. ಸುತ್ತ ಎತ್ತರದ ಗೋಡೆ, ಕಾಲಡಿ ಜಲ್ಲಿ, ನಡುವೆ ಧ್ವಜ, ಎರಡು ಸರಳವಾದ ಶಿಲುಬೆಗಳು, ಇನ್ನೇನೂ ಇಲ್ಲ. 1916ರ ಮೇ 3ರಿಂದ 12ರ ನಡುವೆ ಇಲ್ಲಿ ಈಸ್ಟರ್ ದಂಗೆಯ ಹದಿನಾಲ್ಕು ಜನರನ್ನು ಗುಂಡಿಟ್ಟು ಕೊಂದರು. ಒಂದು ಶಿಲುಬೆ ಇರುವಲ್ಲಿ ಪ್ಯಾಟ್ರಿಕ್ ಪಿಯರ್ಸ್ ಸೇರಿದಂತೆ ಹದಿಮೂರು ಜನ. ಇನ್ನೊಂದು, ಅಂಗಳದ ಆ ತುದಿಯ ಗೇಟಿನ ಬಳಿ, ಜೇಮ್ಸ್ ಕಾನೊಲಿಗೆ. ಕಾಲಿಗೆ ಗುಂಡು ತಗುಲಿ ನಿಲ್ಲಲಾಗದಿದ್ದ ಆತನನ್ನು ಆಂಬುಲೆನ್ಸಿನಲ್ಲಿ ತಂದು, ಅಂಗಳ ದಾಟಿಸುವುದೂ ಕಷ್ಟವೆಂದು ಗೇಟಿನ ಹತ್ತಿರವೇ ಕುರ್ಚಿಯಲ್ಲಿ ಕೂರಿಸಿ ಕೊಂದರು. ದಂಗೆ ಸೋತ ದಿನ ಬಂಡಾಯಗಾರರನ್ನು ಬೈದು ಮೂದಲಿಸಿದ್ದ ಡಬ್ಲಿನ್ ಜನರೇ, ಒಂದರ ಹಿಂದೊಂದು ಬರುತ್ತಿದ್ದ ಈ ಸುದ್ದಿ ಕೇಳಿ ಅವರ ಕಡೆಗೆ ತಿರುಗಿದರು ಎಂದು ಗೈಡ್ ಹೇಳಿದರು. ಎರಡು ಶಿಲುಬೆಗಳ ನಡುವಿನ ಆ ದೂರವನ್ನು ಅಪ್ಪ ಹೆಜ್ಜೆ ಹಾಕಿ ಅಳೆದರು. ಅಳೆದದ್ದು ಎಷ್ಟೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಪ್ರವಾಸ ಬ್ರಿಟಿಷರ ಕ್ರೌರ್ಯದ ಬಳಿಯೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ರಿಟಿಷರೊಂದಿಗೆ ಮಾಡಿಕೊಂಡ 1921ರ ಡಿಸೆಂಬರಿನ ಒಪ್ಪಂದದ ನಂತರ ಐರಿಷರು ತಮ್ಮತಮ್ಮಲ್ಲೇ ಒಡೆದು, 1922ರಿಂದ 23ರವರೆಗೆ ಅಂತರ್ಯುದ್ಧ ಮಾಡಿದರು. ಅದರಲ್ಲಿ ಸರ್ಕಾರ ನಡೆಸಿದ ಮೊದಲ ಮರಣದಂಡನೆಗಳು ಈ ಸೆರೆಮನೆಯಲ್ಲೇ ಆದವು: 1922ರ ನವೆಂಬರ್ 17ರಂದು ನಾಲ್ವರು ಎಳೆಯ ಹುಡುಗರು. ಸೆರೆಮನೆ ಮುಚ್ಚಿದ ಮೇಲೆ ಚಾವಣಿ ಕುಸಿದು, ಗಿಡ ಬೆಳೆದು ಪಾಳುಬಿದ್ದಿದ್ದ ಈ ಕಟ್ಟಡವನ್ನು 1960ರಿಂದ ದುರಸ್ತಿ ಮಾಡಿದವರು ಸಂಬಳವಿಲ್ಲದ ಸ್ವಯಂಸೇವಕರು. ತಮ್ಮಲ್ಲೇ ಒಡಕು ಹುಟ್ಟದಿರಲಿ ಎಂದು ಅಂತರ್ಯುದ್ಧದ ಮಾತೆತ್ತದಿರಲು ಅವರು ಮೊದಲೇ ಒಪ್ಪಿಕೊಂಡಿದ್ದರು. 1966ರಲ್ಲಿ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದ ರಾಷ್ಟ್ರಾಧ್ಯಕ್ಷ ಎಮನ್ ಡೆ ವ್ಯಾಲೆರಾ, ಅಂತರ್ಯುದ್ಧದ ನಂತರ ಇಲ್ಲೇ ಕೈದಿಯಾಗಿದ್ದವರು. ಆಗ ಅವರನ್ನು ಕೂಡಿಹಾಕಿದ್ದೂ ಐರಿಷ್ ಸರ್ಕಾರವೇ. ಅಂದು ಮುಚ್ಚಿಟ್ಟ ಮಾತನ್ನು ಇಂದು ಸರ್ಕಾರದ ಸಂಬಳ ಪಡೆಯುವ ಗೈಡ್ ಮೂವತ್ತು ಜನ ಅಪರಿಚಿತರ ಎದುರು, ಸಮರ್ಥನೆಯೂ ಇಲ್ಲದೆ ಕ್ಷಮಾಪಣೆಯೂ ಇಲ್ಲದೆ ಹೇಳುತ್ತಾರೆ. ಕೋಣೆಗಳಲ್ಲಿ ಮೇಣದ ಗೊಂಬೆಗಳಿಲ್ಲ, ಧ್ವನಿಮುದ್ರಿತ ಕೂಗಾಟವಿಲ್ಲ. ಕಟ್ಟಡ ಬರಿದಾಗಿದೆ, ಮಾತು ಮಿತವಾಗಿದೆ. ಇವೆರಡರಿಂದಲೇ ಪ್ರವಾಸಕ್ಕೆ ತೂಕ ಬಂದಿದೆ.

ನಮಗೂ ಈ ಊರಿಗೂ ಒಂದು ಸಣ್ಣ ನಂಟಿದೆ. 1913ರಲ್ಲಿ ಕಾನೂನು ಓದಲು ಡಬ್ಲಿನ್ನಿಗೆ ಬಂದ ವಿ. ವಿ. ಗಿರಿಯವರು ದಂಗೆಯ ವರ್ಷವೇ, 1916ರಲ್ಲಿ, ಭಾರತಕ್ಕೆ ಮರಳಿದರು. ರಾಷ್ಟ್ರಪತಿಯಾಗುವ ಮೊದಲು ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದುದನ್ನು ಅಪ್ಪ ನೆನಪಿಸಿಕೊಂಡರು. ಅವರ ಮಾತು ಅಲ್ಲಿಂದ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿಗೆ, ಅಂದರೆ ಈಗಿನ ಫ್ರೀಡಂ ಪಾರ್ಕಿಗೆ ಹೊರಳಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನೆಲ್ಲ ಇಟ್ಟಿದ್ದ ಜಾಗವದು. ಅಲ್ಲಿ ಧರಣಿಗೆ ಹೋದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಕೋಣೆಗಳ ಮುಂದೆ ನಿಂತು ಕಥೆ ಕೇಳಿದವರು ಎಷ್ಟು ಜನ ಎಂದು ಅಪ್ಪ ಕೇಳಿದಾಗ ನಾನೂ ಸುಮ್ಮನಿರಬೇಕಾಯಿತು.

ಸುಮಾರು ಒಂದು ಗಂಟೆಯ ಪ್ರವಾಸದ ನಂತರ ಮೂರು ಅಂತಸ್ತಿನ ವಸ್ತುಸಂಗ್ರಹಾಲಯವನ್ನು ನಿಮ್ಮಷ್ಟಕ್ಕೆ ನೀವು ನೋಡಬಹುದು. ವಸ್ತುಗಳು ಬಹಳ, ಓದುವುದಂತೂ ಇನ್ನೂ ಬಹಳ. ದಣಿದಿದ್ದರೆ ಮರಣದಂಡನೆಗೆ ಗುರಿಯಾದವರು ಮನೆಯವರಿಗೆ ಬರೆದ ಕೊನೆಯ ಪತ್ರಗಳನ್ನಷ್ಟೇ ನೋಡಿ ಬನ್ನಿ. ಮಂಡಿನೋವು ಇರುವವರಿಗೆ ಹಳೆಯ ಭಾಗದ ಮೆಟ್ಟಿಲು ಮತ್ತು ಏರುತಗ್ಗಿನ ನೆಲ ಕಷ್ಟವಾಗುತ್ತದೆ, ಅಮ್ಮ ಎರಡು ಕಡೆ ನನ್ನ ತೋಳು ಹಿಡಿದೇ ಇಳಿದರು. ಹೊರಗೆ ಬಿಸಿಲಿದ್ದರೂ ದಪ್ಪ ಕೋಟು ಬೇಕು. ಹ್ಯೂಸ್ಟನ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಸಾಧ್ಯವಾದರೆ ಬೆಳಗಿನ ಮೊದಲ ಹೊತ್ತಿನ ಟಿಕೆಟ್ ತೆಗೆದುಕೊಳ್ಳಿ, ಹಿಂದಿನ ಗುಂಪು ಬಂತೆಂಬ ಅವಸರವಿಲ್ಲದೆ ಅಂಗಳದಲ್ಲಿ ಒಂದೆರಡು ನಿಮಿಷ ಹೆಚ್ಚು ನಿಲ್ಲಬಹುದು. ಬರುವ ತಿಂಗಳು ತಂಗಿ ಬರುವವಳಿದ್ದಾಳೆ, ಅವಳಿಗೂ ನನಗೂ ಒಂಬತ್ತೂವರೆಯ ಟಿಕೆಟ್ ಆಗಲೇ ತೆಗೆದಿಟ್ಟಿದ್ದೇನೆ.