ರೆವೆನ್‌ಸ್ಟಾರ್ಫ್ ಅವರ ಹಿಪ್ನೋಸಿಸ್ ಕೈಪಿಡಿ: ದಪ್ಪ ಪುಸ್ತಕ, ಗಟ್ಟಿ ಕೆಲಸ

ಹಿಪ್ನೋಸಿಸ್ (ಸಮ್ಮೋಹನ) ಅಂದ್ರೆ ವೇದಿಕೆ ಮೇಲಿನ ಆಟ ಅಂದುಕೊಂಡವರು ಇದನ್ನು ನೋಡಲೇಬೇಕು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕ್ಲಿನಿಕಲ್ ಸೈಕಾಲಜಿ ಪ್ರೊಫೆಸರ್ ಆಗಿದ್ದ ಡಿರ್ಕ್ ರೆವೆನ್‌ಸ್ಟಾರ್ಫ್, ಬುರ್ಕ್‌ಹಾರ್ಡ್ ಪೇಟರ್ ಜೊತೆ ಸೇರಿ ಸಂಪಾದಿಸಿದ ಕೈಪಿಡಿ ಇದು. ಸ್ಪ್ರಿಂಗರ್ 2001ರಲ್ಲಿ ಮೊದಲು ತಂದಿತು. ನನಗೆ ಜಾಸ್ತಿ ಹಿಡಿಸಿದ್ದು, ಇಲ್ಲಿ ಪವಾಡದ ಮಾತೇ ಇಲ್ಲ. ನೋವು, ಭಯ, ಚಟ, ಯಾವುದಕ್ಕೆ ಎಷ್ಟು ಆಧಾರ ಇದೆ ಅಂತ ನೋಡುತ್ತಾರೆ.

ರೆವೆನ್‌ಸ್ಟಾರ್ಫ್ ಅವರ ವೃತ್ತಿಜೀವನದ ದೊಡ್ಡ ಕೆಲಸವೂ ಇದೇ ಅಲ್ವಾ? ಹಿಪ್ನೋಥೆರಪಿಯ, ಅಂದ್ರೆ ಹಿಪ್ನೋಸಿಸ್ ಬಳಸಿ ಮಾಡುವ ಚಿಕಿತ್ಸೆಯ, ಸಾಕ್ಷ್ಯಗಳನ್ನೆಲ್ಲ ಒಟ್ಟುಮಾಡಿ ವರದಿ ಬರೆದರು. 2006ರಲ್ಲಿ ಜರ್ಮನಿಯ ಸೈಕೋಥೆರಪಿ (ಮನೋಚಿಕಿತ್ಸೆ) ವೈಜ್ಞಾನಿಕ ಸಲಹಾ ಮಂಡಳಿ, ಸಿಗರೇಟ್ ಬಿಡಿಸುವುದೂ ಸೇರಿದಂತೆ ಕೆಲವು ಬಳಕೆಗಳಿಗೆ ಮಾನ್ಯತೆ ಕೊಟ್ಟಿತು. ಎಲ್ಲದಕ್ಕೂ ಅಲ್ಲ, ಅದು ಸರಿಯೇ.

ಸುಮ್ನೆ ಕುತೂಹಲಕ್ಕೆ ಓದುವವರಿಗೆ ಇದು ಭಾರ. ಜರ್ಮನ್ ಬರುವ ಚಿಕಿತ್ಸಕರು ಮಾತ್ರ ಖಂಡಿತ ಕೊಳ್ಳಲಿ.